ಹೇಳಿದಷ್ಟೂ ಮುಗಿಯದ ಗೋಳು

ಪ್ರಶ್ನೆ: ನನಗೆ 54 ವರ್ಷ. ಬದಿಯಡ್ಕದಿಂದ ಒಳಗೆ ಮೂರು ಎಕರೆ ಅಡಿಕೆ ತೋಟವಿದೆ. ಕಳೆದ ಮಳೆಗಾಲದಿಂದ ಈಚೆಗೆ ಒಂದು ದಿನವೂ ನೆಟ್ಟಗಿಲ್ಲ. ಮರ ಹತ್ತಿ ಮದ್ದು ಬಿಡುವವರು ಸಿಗದೆ ಎರಡನೆಯ ಮದ್ದು ತಡವಾಯಿತು. ಕೊಳೆರೋಗಕ್ಕೆ ಅರ್ಧ ಫಸಲು ನೆಲಕ್ಕೆ ಬಿತ್ತು. ಕೊಳವೆಬಾವಿಯ ಪಂಪು ಸುಟ್ಟುಹೋಯಿತು. ಜಾಗದ ಕಾಗದದ ಕೆಲಸಕ್ಕೆ ಒಂದು ಕಚೇರಿಗೆ ಮೂರು ಸಲ ಅಲೆದೆ. ಅರ್ಜಿ ನಮೂನೆ ಮಲಯಾಳದಲ್ಲಿತ್ತು. ಕನ್ನಡದ್ದು ಇದೆಯೇ ಎಂದು ಕೇಳಿದ್ದಕ್ಕೆ ನಕ್ಕರು. ಡಿಸೆಂಬರಿನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಮ್ಮನ ಬಾಯಿ ಸೊಟ್ಟಗಾಯಿತು. ಬೆಳಕು ಹರಿದ ಮೇಲೆ ಮಂಗಳೂರಿಗೆ ಹೊರಟೆವು. ಹೆದ್ದಾರಿ ಅಗಲ ಮಾಡುವ ಕೆಲಸದಿಂದಾಗಿ ದಾರಿಯಲ್ಲೇ ಒಂದೂವರೆ ಗಂಟೆ ಹೋಯಿತು. ಆ ರಸ್ತೆಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅಮ್ಮ ಈಗ ಮನೆಯಲ್ಲಿದ್ದಾರೆ. ಮಾತು ತೊದಲುತ್ತದೆ. ಕೆಲವೊಮ್ಮೆ ನನ್ನನ್ನು ಅವರ ತಮ್ಮನ ಹೆಸರು ಹಿಡಿದು ಕರೆಯುತ್ತಾರೆ. ಆ ಮಾವ ತೀರಿಕೊಂಡು 12 ವರ್ಷವಾಯಿತು. ಅದಿರಲಿ. ಮಗ ಬೆಂಗಳೂರಿನಲ್ಲಿದ್ದಾನೆ, ಭಾನುವಾರ ಐದು ನಿಮಿಷ ಫೋನು. ಟಿವಿ ಹಾಕಿದರೆ ಯುದ್ಧ, ಹಗರಣ, ಕಿರುಚಾಟ. ಯಾರಾದರೂ ಸಿಕ್ಕಿದರೆ ಇದನ್ನೆಲ್ಲ ಹೇಳಿಬಿಡುತ್ತೇನೆ. ಹೇಳುವಾಗ ಹಗುರವೆನಿಸುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ಅಷ್ಟೇ ಭಾರ. ವಾರಕ್ಕೆರಡು ಸಲ ಬರುತ್ತಿದ್ದ ಭಾವ ಬರುವುದನ್ನೇ ಬಿಟ್ಟಿದ್ದಾರೆ. ‘ನೀವು ಬಾಯಿ ತೆರೆದರೆ ಗೋಳೇ’ ಎಂದು ಹೆಂಡತಿ ಹೇಳಿದಳು. ಒಳಗಿಟ್ಟುಕೊಂಡರೆ ರೋಗ ಬರುತ್ತದೆ ಎನ್ನುತ್ತಾರೆ, ಹೊರಗೆ ಹಾಕಿದರೆ ಜನ ಓಡುತ್ತಾರೆ. ಹೇಳಿಕೊಳ್ಳುವುದು ತಪ್ಪೇ? ಪೇಪರು, ಟಿವಿ ಎಲ್ಲ ನಿಲ್ಲಿಸಿಬಿಡಲೇ? ಕಣ್ಣೆದುರು ಅನ್ಯಾಯವಾಗುವಾಗ ಸಿಟ್ಟು ಬರುವುದು ಕಾಯಿಲೆಯೇ?

— ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ನಿಮ್ಮ ಪತ್ರ ನಾಲ್ಕು ಪುಟಗಳದು, ಮೇಲೆ ಇರುವುದು ಅದರ ಸಾರ. ಎರಡು ಸಲ ಓದಿದೆ. ಮೊದಲ ಸಲ ಓದುವಾಗ ನನಗೂ ಸಿಟ್ಟು ಬಂತು. ಅದೇ ರಸ್ತೆಯಲ್ಲಿ ಓಡಾಡುವವನು ನಾನು. ಎರಡನೆಯ ಸಲ ಪೆನ್ಸಿಲು ಹಿಡಿದು ಓದಿದೆ. ರಸ್ತೆಯ ಮಾತು ಹನ್ನೊಂದು ಕಡೆ ಬಂದಿದೆ, ಕಚೇರಿಯದು ಆರು ಕಡೆ, ಟಿವಿ ಸುದ್ದಿಗೆ ಒಂದಿಡೀ ಪುಟ ಹೋಗಿದೆ. ಅಮ್ಮ ನಿಮ್ಮನ್ನು ಗುರುತು ಹಿಡಿಯದ ವಿಷಯಕ್ಕೆ ಒಂದು ವಾಕ್ಯ, ಅದರ ಬೆನ್ನಿಗೇ ‘ಅದಿರಲಿ’. ಆ ‘ಅದಿರಲಿ’ಯ ಬಳಿಗೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ.

ಹೇಳಿಕೊಳ್ಳುವುದು ತಪ್ಪಲ್ಲ. ಆದರೆ ‘ಹೊರಗೆ ಹಾಕಿದರೆ ಹಗುರ’ ಎಂಬ ಮಾತು ಅರ್ಧ ಮಾತ್ರ ನಿಜ. ಮನಸ್ಸು ಕುಕ್ಕರಿನ ಹಾಗೆ, ಆಗಾಗ ಆವಿ ಬಿಡದಿದ್ದರೆ ಸಿಡಿಯುತ್ತದೆ ಎಂದು ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ನನಗೇ ಪಾಠ ಹೇಳುತ್ತಾರೆ. ಈ ಕುಕ್ಕರ್ ಸಿದ್ಧಾಂತಕ್ಕೂ ಒಂದು ವಂಶಾವಳಿ ಇದೆ. 1895ರಲ್ಲಿ ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾದ ಕುರಿತು ಪ್ರಕಟಿಸಿದ ಪುಸ್ತಕದಲ್ಲಿ, ಅದುಮಿಟ್ಟ ಭಾವನೆ ಮಾತಾಗಿ ಹೊರಬಂದರೆ ರೋಗಲಕ್ಷಣ ಇಳಿಯುತ್ತದೆ ಎಂದರು. ಬ್ರಾಯರರ ರೋಗಿಯೊಬ್ಬಳು ಆ ಮಾತಿನ ಚಿಕಿತ್ಸೆಯನ್ನು ತಮಾಷೆಗೆ ಚಿಮಣಿ ಗುಡಿಸುವುದು ಎಂದು ಕರೆಯುತ್ತಿದ್ದಳು. ಅಲ್ಲಿಯ ಚಿಮಣಿ ನಮ್ಮ ಅಡಿಗೆಮನೆಗೆ ಬರುವಷ್ಟರಲ್ಲಿ ಕುಕ್ಕರ್ ಆಯಿತು. ಕುಕ್ಕರ್ ಸೀಟಿ ಹಾಕುವುದು ಕೆಳಗೆ ಒಲೆ ಉರಿಯುತ್ತಿರುವ ತನಕ; ಸೀಟಿಯಿಂದ ಒಲೆ ಆರಿದ್ದನ್ನು ಯಾರೂ ಕಂಡಿಲ್ಲ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಬ್ರಾಡ್ ಬುಷ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ವಿದ್ಯಾರ್ಥಿಗಳಿದ್ದರು. ಅವರಿಂದ ಪ್ರಬಂಧ ಬರೆಸಿ, ತೀರ ಕಳಪೆ ಎಂಬಂಥ ಷರಾ ಹಾಕಿ ಹಿಂದೆ ಕೊಟ್ಟು ಸಿಟ್ಟು ಬರಿಸಿದರು. ಬಳಿಕ ಒಂದು ಗುಂಪಿಗೆ, ಷರಾ ಬರೆದವನನ್ನೇ ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿ ಎಂದರು. ಇನ್ನೊಂದು ಗುಂಪಿಗೆ, ವ್ಯಾಯಾಮ ಎಂದುಕೊಂಡು ಗುದ್ದಿ ಎಂದರು. ಮೂರನೆಯ ಗುಂಪು ಎರಡು ನಿಮಿಷ ಸುಮ್ಮನೆ ಕುಳಿತಿತ್ತು. ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೆರಳಿದ್ದವರು ಮೊದಲ ಗುಂಪಿನವರು, ಅಂದರೆ ಸಿಟ್ಟನ್ನು ‘ಹೊರಗೆ ಹಾಕಿದವರು’. ಸುಮ್ಮನೆ ಕುಳಿತವರು ಅವರಿಗಿಂತ ತಣ್ಣಗಿದ್ದರು. 2024ರಲ್ಲಿ ಇದೇ ಬುಷ್‌ಮನ್ ಮತ್ತೊಬ್ಬ ಸಂಶೋಧಕಿಯ ಜತೆಗೂಡಿ 154 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿ ನೋಡಿದರು. ಮೈಯ ಕಾವು ಇಳಿಸುವ ಕೆಲಸಗಳು, ಅಂದರೆ ನಿಧಾನದ ಉಸಿರಾಟ, ಧ್ಯಾನ, ಯೋಗದಂಥವು ಕೋಪವನ್ನು ಇಳಿಸುತ್ತವೆ. ಕಾವು ಏರಿಸುವ ಕೆಲಸಗಳು ಒಟ್ಟಿನಲ್ಲಿ ಇಳಿಸುವುದಿಲ್ಲ ಎಂದು ಕಂಡುಬಂತು. ಇದನ್ನು ತಿಳಿಯಲು ನಮ್ಮವರಿಗೆ 154 ಅಧ್ಯಯನ ಬೇಕಿರಲಿಲ್ಲವೇನೋ. ಕನ್ನಡದಲ್ಲಿ ‘ತಲೆಬಿಸಿ’, ತುಳುವಿನಲ್ಲಿ ‘ಮಂಡೆಬೆಚ್ಚ’ ಎನ್ನುತ್ತೇವೆ. ಕಷ್ಟವನ್ನು ಬಿಸಿ ಎಂದೇ ಕರೆದಿದ್ದೇವೆ. (ಮಲಯಾಳದಲ್ಲಿ ಮಾತಾಡುವ ನನ್ನ ರೋಗಿಗಳು ‘ಟೆನ್ಶನ್’ ಎನ್ನುತ್ತಾರೆ. ಗಡಿನಾಡಿನ ವೈದ್ಯನಿಗೆ ಮೂರು ಭಾಷೆಯಲ್ಲಿ ಒಂದೇ ದೂರು.)

ನಾನೇನೂ ಇದರಿಂದ ಹೊರತಲ್ಲ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಕಾಲಕ್ಕೆ, ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದ ದಿನಗಳು ನಿಮಗೆ ನೆನಪಿರಬಹುದು. ತುರ್ತು ರೋಗಿಗಳಿಗೂ ಮಂಗಳೂರಿನ ದಾರಿ ಇಲ್ಲವಾಗಿ, ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವು ಮಾಡಬೇಕೆಂದು ಹೇಳಬೇಕಾಯಿತು. ಹಗಲೆಲ್ಲ ನನಗೆ ಫೋನು: ಮಾತ್ರೆ ಮುಗಿಯಿತು, ಚೀಟಿ ಬರೆದ ವೈದ್ಯರು ಆಚೆ ಬದಿಯಲ್ಲಿದ್ದಾರೆ, ಏನು ಮಾಡಲಿ? ರಾತ್ರಿ ಊಟಕ್ಕೆ ಕುಳಿತಾಗ ನನ್ನ ಸರದಿ. ಮೊದಲ ದಿನ ಮನೆಯವರೆಲ್ಲ ಕೈ ತೊಳೆಯದೆ ಕುಳಿತು ಕೇಳಿದರು. ಒಂದು ವಾರ ಕಳೆಯುವಷ್ಟರಲ್ಲಿ ಮಗಳು ಅನ್ನ ಕಲಸುತ್ತಾ, ‘ಅಪ್ಪಾ, ಆ ಮಣ್ಣಿನ ರಾಶಿ ದಿನಕ್ಕೊಂದು ಅಡಿ ಎತ್ತರ ಆಗುತ್ತಿದೆಯಲ್ಲ’ ಎಂದಳು. ನಿಜವಾಗಿತ್ತು. ಮೊದಲ ದಿನ ಮೊಣಕಾಲೆತ್ತರ ಇದ್ದದ್ದು ನನ್ನ ಬಾಯಲ್ಲಿ ಆಳೆತ್ತರಕ್ಕೆ ಬಂದಿತ್ತು. ಪ್ರತಿ ಸಲ ಹೇಳುವಾಗಲೂ ಕತೆ ಬೆಳೆಯುತ್ತದೆ, ಅದರ ಜತೆಗೆ ಸಿಟ್ಟೂ ಬೆಳೆಯುತ್ತದೆ. ಸಿಟ್ಟನ್ನು ಖರ್ಚು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ; ಆದರೆ ದಿನವೂ ಬಡ್ಡಿ ಸೇರುತ್ತಿತ್ತು.

ಹಾಗಾದರೆ ನಿಜವಾದ ಅರ್ಧ ಯಾವುದು? ನಮ್ಮ ಭಾಷೆಯಲ್ಲೇ ಅದಕ್ಕೆ ಸುಳಿವಿದೆ. ಕೊರಗು, ಗೊಣಗು, ಗೋಳು ಎನ್ನುವುದು ಒಂದು ಬಗೆ. ದೂರು, ಅಹವಾಲು, ಅರಿಕೆ ಎನ್ನುವುದು ಇನ್ನೊಂದು. ಗೊಣಗುವುದಕ್ಕೆ ಎದುರಿಗೆ ಯಾರೂ ಇರಬೇಕೆಂದಿಲ್ಲ, ಇದ್ದರೂ ಯಾರಾದರೇನು. ದೂರು ಹಾಗಲ್ಲ, ಅದನ್ನು ಯಾರಿಗಾದರೂ ಕೊಡಬೇಕು. ಇವೆರಡಕ್ಕೂ ಸೇರದ ಮೂರನೆಯದೊಂದಿದೆ, ಅಳಲು ತೋಡಿಕೊಳ್ಳುವುದು. ‘ತೋಡು’ ಎನ್ನುವ ಮಾತು ನಮ್ಮೂರಿನವರಿಗೆ ಹೊಸತಲ್ಲ. ತೋಟದ ಬದಿಯಲ್ಲಿ ಹರಿಯುವುದೂ ತೋಡು, ಹಾರೆ ಹಿಡಿದು ಮಾಡುವುದೂ ತೋಡುವುದೇ.

ನಿಮ್ಮ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡುವವರನ್ನು ನೀವು ನೋಡಿರುತ್ತೀರಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಕೂರುವಷ್ಟು ಜಾಗದಲ್ಲಿ, ಪಿಕ್ಕಾಸಿನಿಂದ ಒಂದೊಂದೇ ಅಡಿ ಒಳಗೆ ಹೋಗುತ್ತಾರೆ. ಕೈಯಲ್ಲಿ ಮೇಣದ ಬತ್ತಿ ಇರುತ್ತದೆ. ಅದು ಬೆಳಕಿಗಷ್ಟೇ ಅಲ್ಲ. ಜ್ವಾಲೆ ಕುಂದಿದರೆ ಒಳಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಾರೆ, ಮರುದಿನ ಮತ್ತೆ ಹೋಗುತ್ತಾರೆ. ಹತ್ತು ಕಡೆ ಒಂದೊಂದು ಬುಟ್ಟಿ ಮಣ್ಣು ತೆಗೆದರೆ ನೀರು ಸಿಗುವುದಿಲ್ಲ; ಅಂಗಳ ಕೆಡುತ್ತದೆ, ಅಷ್ಟೆ. ನಿಮ್ಮ ನಾಲ್ಕು ಪುಟಗಳಲ್ಲಿ ನನಗೆ ಕಂಡದ್ದು ಅದೇ: ರಸ್ತೆ ಒಂದು ಬುಟ್ಟಿ, ಕಚೇರಿ ಒಂದು ಬುಟ್ಟಿ, ಯುದ್ಧ ಒಂದು ಬುಟ್ಟಿ. ನೀರಿನ ಪಸೆ ಕಂಡ ಒಂದೇ ಜಾಗದಲ್ಲಿ ‘ಅದಿರಲಿ’ ಎಂದು ಪಿಕ್ಕಾಸು ಎತ್ತಿಕೊಂಡು ಹೊರಟುಬಿಟ್ಟಿದ್ದೀರಿ.

ಗೋಳಿಗೊಂದು ವ್ಯವಸ್ಥೆ ಇರಬೇಕೆಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ದೈವದ ಕೋಲದ ಕೊನೆಯ ಜಾವವನ್ನು ನೆನಪಿಸಿಕೊಳ್ಳಿ. ದೊಂದಿಯ ಹೊಗೆ, ನಿದ್ದೆಗಣ್ಣು, ಕೈಮುಗಿದು ಸಾಲಾಗಿ ನಿಂತ ಜನ. ಒಬ್ಬಾಕೆ ಮುಂದೆ ಬರುತ್ತಾಳೆ. ಅವಳ ದುಃಖ ಒಂದು ಗಂಟೆಗೆ ಮುಗಿಯುವಂಥದ್ದಲ್ಲ, ಆದರೆ ಹಿಂದೆ ಇನ್ನೂ ನಲವತ್ತು ಮಂದಿ ಕಾದಿದ್ದಾರೆ. ತಡವರಿಸುತ್ತಾ ನಾಲ್ಕು ಮಾತು ಹೇಳುತ್ತಾಳೆ. ಮಧ್ಯಸ್ಥರು ಅದನ್ನು ಎತ್ತಿಕೊಂಡು, ಅಡ್ಡಮಾತು ಬಿಟ್ಟು, ಎರಡು ವಾಕ್ಯದಲ್ಲಿ ದೈವಕ್ಕೆ ಅರಿಕೆ ಮಾಡುತ್ತಾರೆ. ತನ್ನದೇ ಸಂಕಟ ಇನ್ನೊಬ್ಬರ ಬಾಯಿಂದ ಒಪ್ಪವಾಗಿ ಬರುವುದನ್ನು ಅವಳು ಕೇಳಿಸಿಕೊಳ್ಳುತ್ತಾಳೆ. ದೈವ ಒಂದು ಪ್ರಶ್ನೆ ಕೇಳುತ್ತದೆ, ಅಭಯ ಕೊಡುತ್ತದೆ, ಕೈಗೆ ಗಂಧ ಬೀಳುತ್ತದೆ, ಅವಳು ಬದಿಗೆ ಸರಿಯುತ್ತಾಳೆ. ನಂಬಿಕೆಯ ವಿಚಾರ ಅವರವರಿಗೆ ಬಿಟ್ಟದ್ದು, ನಾನು ಅದನ್ನು ಎತ್ತುವುದಿಲ್ಲ. ನನ್ನ ವೃತ್ತಿಯ ಕಣ್ಣಿಗೆ ಕಾಣುವುದು ಇಷ್ಟು: ಕೇಳುವವರು ಯಾರೆಂಬುದು ನಿಶ್ಚಿತ, ಹೇಳುವ ಹೊತ್ತು ಚಿಕ್ಕದು, ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಸಂಜೆಯ ಜಗಲಿಯಲ್ಲಿ ನೀವು ಭಾವನ ಮುಂದೆ ಹೇಳಿಕೊಳ್ಳುವುದರಲ್ಲಿ ಇವು ಯಾವುವೂ ಇಲ್ಲ. ಭಾವ ದೈವವೂ ಅಲ್ಲ, ಪಾಪ.

ಕಾಗದದ ಮೇಲೆ ಇದನ್ನು ಮಾಡಬಹುದು, ಅದಕ್ಕೆ ಒಳ್ಳೆಯ ಆಧಾರವೂ ಇದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ತಮ್ಮ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ತಮ್ಮ ಬದುಕಿನ ಅತ್ಯಂತ ನೋವಿನ ಸಂಗತಿಯ ಬಗ್ಗೆ ಬರೆದರು. ಬರೆದ ದಿನ ಅವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅದರ ಬಗ್ಗೆ ತಮಗೆ ಅನ್ನಿಸಿದ್ದನ್ನೂ ಎರಡನ್ನೂ ಬರೆದವರು ವೈದ್ಯರ ಬಳಿಗೆ ಹೋದದ್ದು ಕಡಿಮೆಯಾಗಿತ್ತು. ಆ ಬರಹಗಳ ಮಾತುಗಳನ್ನು ಮುಂದೆ ಎಣಿಸಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಮೊದಲ ದಿನದಿಂದ ಕೊನೆಯ ದಿನಕ್ಕೆ ಬರುವಾಗ ‘ಏಕೆಂದರೆ’, ‘ಆದ್ದರಿಂದ’, ‘ಈಗ ಅರ್ಥವಾಗುತ್ತಿದೆ’ ಎಂಬಂಥ ಮಾತುಗಳು ಯಾರ ಬರಹದಲ್ಲಿ ಹೆಚ್ಚುತ್ತಾ ಹೋದವೋ ಅವರಿಗೆ ಲಾಭ ಹೆಚ್ಚು. ನಾಲ್ಕೂ ದಿನ ಒಂದೇ ಗೋಳನ್ನು ಒಂದೇ ರೀತಿ ಬರೆದವರಿಗೆ ಅಷ್ಟಿಲ್ಲ.

ಆದ್ದರಿಂದ ನಾಲ್ಕು ದಿನ, ರಾತ್ರಿ ಊಟಕ್ಕೆ ಮೊದಲು, ಕಾಲು ಗಂಟೆ ಬರೆಯಿರಿ. ಮಗನ ಹಳೆಯ ನೋಟುಪುಸ್ತಕ ಸಾಕು. ಅಕ್ಷರ, ಒತ್ತು, ದೀರ್ಘ ಯಾವುದನ್ನೂ ನೋಡಬೇಡಿ, ಯಾರಿಗೂ ತೋರಿಸಬೇಡಿ. ಒಂದೇ ಒಂದು ಷರತ್ತು: ನಾಲ್ಕೂ ದಿನ ಆ ಡಿಸೆಂಬರಿನ ರಾತ್ರಿಯ ಬಗ್ಗೆಯೇ ಬರೆಯಬೇಕು. ಅಡಿಕೆ, ಪಂಪು, ಕಚೇರಿ ಬೇಡ. ಮೂರನೆಯ ದಿನ ‘ನಾನು’ ಎನ್ನುವ ಬದಲು ‘ಅವರು’ ಎಂದು, ಪಕ್ಕದ ಮನೆಯವರಿಗೆ ಆದದ್ದನ್ನು ಹೇಳುವ ಹಾಗೆ ಬರೆದು ನೋಡಿ. ಪಕ್ಕದ ಮನೆಯವರ ವಿಚಾರದಲ್ಲಿ ನಾವು ಎಷ್ಟು ಉದಾರಿಗಳು ಎಂಬುದು ನಿಮಗೇ ಆಶ್ಚರ್ಯವಾಗಬಹುದು. ಕಾಲು ಗಂಟೆಯಾದ ಕೂಡಲೇ ಪುಸ್ತಕ ಮುಚ್ಚಿ. ಬತ್ತಿ ಕುಂದಿದ ಮೇಲೆ ಸುರಂಗದೊಳಗೆ ಕೂರಬಾರದು.

ಇನ್ನು ಕಚೇರಿ. ಇದು ತೋಡಿಕೊಳ್ಳುವ ವಿಷಯವೇ ಅಲ್ಲ, ದೂರು ಕೊಡುವ ವಿಷಯ. ನಮ್ಮ ಸಂವಿಧಾನದ 350ನೆಯ ವಿಧಿ ಇರುವುದೇ ಇದಕ್ಕೆ: ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಎಲ್ಲರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ತಮಿಳು ಮತ್ತು ಕನ್ನಡ ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ಮಾಡುವುದಕ್ಕೆ ಅವಕಾಶ ಇಟ್ಟಿದೆ. ಒಂದೇ ಪುಟದಲ್ಲಿ, ಕನ್ನಡದಲ್ಲಿ, ತಾರೀಖು ಹಾಕಿ ಬರೆಯಿರಿ: ಯಾವ ಕೆಲಸಕ್ಕೆ, ಯಾವ ಯಾವ ದಿನ ಬಂದೆ, ಯಾವ ನಮೂನೆ ಬೇಕು. ನಕ್ಕವರ ನಗುವನ್ನು ಬಿಟ್ಟುಬಿಡಿ, ನಗುವಿಗೆ ಕಡತದಲ್ಲಿ ಜಾಗವಿಲ್ಲ. ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಏನಾಯಿತೆಂದು ಕೇಳಿ. ಅದಕ್ಕೆ 30 ದಿನಗಳ ಗಡುವಿದೆ. ಕೆಲಸ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೆ ರಶೀದಿ ಕಿಸೆಯಲ್ಲಿದ್ದರೆ ಆ ವಿಷಯವನ್ನು ರಾತ್ರಿ ಊಟದ ಬಟ್ಟಲಿನ ತನಕ ಹೊತ್ತು ತರಬೇಕಾಗುವುದಿಲ್ಲ.

ಸಿಟ್ಟು ಕಾಯಿಲೆಯೇ ಎಂದು ಕೇಳಿದ್ದೀರಿ. ನಿಮ್ಮ ಜಿಲ್ಲೆಯಲ್ಲಿ ಕುಳಿತು ಹಾಗೆ ಹೇಳುವ ಧೈರ್ಯ ಯಾವ ವೈದ್ಯನಿಗಿದೆ? ನಿಮ್ಮ ಪಕ್ಕದ ಎಣ್ಮಕಜೆಯನ್ನೇ ನೋಡಿ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಆ ಊರುಗಳ ಸಂಕಟ ಜಗಲಿಯ ಗೋಳಾಗಿಯೇ ಉಳಿದಿದ್ದರೆ ಯಾರೂ ತಪ್ಪು ಹೇಳುವಂತಿರಲಿಲ್ಲ. ಆದರೆ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ಬರೆದು ಹೊರಗಿನವರಿಗೆ ತಿಳಿಸಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಜಿಲ್ಲೆಯ ದಕ್ಷಿಣದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ದೇಶದಲ್ಲೆಲ್ಲ ಆ ವಿಷವನ್ನು ಸುಪ್ರೀಂ ಕೋರ್ಟ್ ತಡೆಹಿಡಿದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ರಾಜ್ಯಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಎಷ್ಟು ತಡವಾಯಿತೆಂದು ನೀವೇ ಲೆಕ್ಕ ಹಾಕಿ. ಇದನ್ನು ಸುಖಾಂತದ ಕತೆಯೆಂದು ಹೇಳುತ್ತಿಲ್ಲ, ಆ ಮನೆಗಳೊಳಗೆ ಹೋದವರು ಯಾರೂ ಹಾಗೆ ಹೇಳಲಾರರು. ಅವರ ಸಿಟ್ಟಿಗೆ ವಿಳಾಸವಿತ್ತು ಎಂಬುದಷ್ಟೇ ನನ್ನ ಮಾತು.

ವಿಳಾಸವಿದ್ದೂ ತಲುಪದ ಸಿಟ್ಟು ಇಲ್ಲವೇ ಎಂದು ನೀವು ಕೇಳಬಹುದು. ಇದೆ. 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. 1967ರಲ್ಲಿ, ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ಆ ವರದಿ ಇದ್ದಲ್ಲೇ ಇದೆ. ನಿಮ್ಮ ಬದಿಯಡ್ಕದ ಕಡೆಯವರೇ ಆದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿ 2015ರಲ್ಲಿ ತೀರಿಕೊಳ್ಳುವ ತನಕ ಆ ಮಾತು ಬಿಡಲಿಲ್ಲ. ಅವರು ಪಾಠ ಹೇಳಿದರು, ಬರೆದರು, ಬೇಸಾಯ ಮಾಡಿದರು, ಅದರ ನಡುವೆ ಆ ಕೂಗನ್ನೂ ಕೂಗಿದರು. ನಮ್ಮಲ್ಲಿ ಹಲವರಿಗೆ ಆ ಅಳಲು ಪಾಲಿನಲ್ಲಿ ಬಂದ ಪಿತ್ರಾರ್ಜಿತ ಆಸ್ತಿಯ ಹಾಗೆ. ಬೇಸಾಯವಿಲ್ಲ, ಮಾರುವುದೂ ಇಲ್ಲ, ವರ್ಷಕ್ಕೊಮ್ಮೆ ಗಡಿಕಲ್ಲು ನೋಡಿ ಬರುತ್ತೇವೆ. ಕಚೇರಿಯಲ್ಲಿ ಯಾರೋ ನಕ್ಕಾಗ ನಿಮಗೆ ಬಂದ ಸಿಟ್ಟಿನಲ್ಲಿ ನಿಮ್ಮದು ಎಷ್ಟು, ನಿಮ್ಮ ಅಪ್ಪನದು ಎಷ್ಟು ಎಂದು ಒಮ್ಮೆ ಬೇರ್ಪಡಿಸಿ ನೋಡಿ.

ಟಿವಿಯ ವಿಷಯದಲ್ಲಿ ಗಡಿನಾಡಿನವರಿಗೆ ಒಂದು ಹೆಚ್ಚಿನ ಕಷ್ಟವಿದೆ, ಇದನ್ನು ಬೆಂಗಳೂರಿನ ತಜ್ಞರು ಹೇಳುವುದಿಲ್ಲ. ನಾವು ಬೆಂಗಳೂರಿನ ಚಾನೆಲ್ಲುಗಳನ್ನೂ ನೋಡುತ್ತೇವೆ, ಮಲಯಾಳದವನ್ನೂ ನೋಡುತ್ತೇವೆ. ಎರಡು ರಾಜ್ಯಗಳ ಸಿಟ್ಟು ಒಂದೇ ಮನೆಗೆ ಬರುತ್ತದೆ, ಮತ ಇರುವುದು ಒಂದೇ ಕಡೆ. 2013ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನಿನಲ್ಲಿ ಬಾಂಬು ಸ್ಫೋಟವಾದ ಮೇಲೆ ಸಂಶೋಧಕರು ಒಂದು ಸಂಗತಿ ಕಂಡರು: ಆ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಸ್ಫೋಟದ ಸುದ್ದಿಯಲ್ಲಿ ಮುಳುಗಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚು ತೀವ್ರವಾದ ಒತ್ತಡದ ಲಕ್ಷಣಗಳಿದ್ದವು. ಪೇಪರು ಬಿಡಬೇಡಿ. ಅದಕ್ಕೆ ಕೊನೆಯ ಪುಟ ಎಂಬುದೊಂದಿದೆ, ಅದು ದೊಡ್ಡ ಗುಣ. ಬೆಳಗ್ಗೆ ಒಂದು ಪೇಪರು ಪೂರ್ತಿ ಓದಿ. ರಾತ್ರಿಯ ಕಿರುಚಾಟದ ಚರ್ಚೆಯನ್ನು ಮೂರು ವಾರ ನಿಲ್ಲಿಸಿ ನೋಡಿ. ಯುದ್ಧ ನಿಮ್ಮ ಅನುಮತಿಗಾಗಿ ಕಾಯುತ್ತಿಲ್ಲ. ಆದರೆ ಈ ವರ್ಷದ ಮೊದಲ ಮದ್ದು ಮಳೆ ಹಿಡಿಯುವ ಮುನ್ನ ಆಗಬೇಕು, ಎರಡನೆಯದು 40–45 ದಿನಗಳೊಳಗೆ ಆಗಬೇಕು, ಮರ ಹತ್ತುವವರಿಗೆ ಈಗಲೇ ಹೇಳಿಡಬೇಕು. ಆ ಸಿಟ್ಟಿನಲ್ಲಿ ಒಂದು ಪಾಲನ್ನು ಅಲ್ಲಿಗೆ ತಿರುಗಿಸಿ.

ಹೆಂಡತಿಯ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಖಾರವಾಗಿ ಬರೆಯಬೇಕಾಗುತ್ತದೆ, ತಪ್ಪು ತಿಳಿಯಬೇಡಿ. ಅಮ್ಮನಿಗೆ ಗಂಜಿ ಕುಡಿಸುವವರು, ಮೈ ಒರೆಸುವವರು, ರಾತ್ರಿ ಎದ್ದು ಬಟ್ಟೆ ಬದಲಿಸುವವರು ಯಾರೆಂದು ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲ. ನೀವೇ ಮಾಡುತ್ತಿದ್ದರೆ ಬರೆಯುತ್ತಿದ್ದಿರಿ ಎಂದುಕೊಳ್ಳುತ್ತೇನೆ. ಹಗಲಿಡೀ ಅದನ್ನು ಮಾಡಿದವಳಿಗೆ ಸಂಜೆ ರಸ್ತೆ ಗುತ್ತಿಗೆದಾರರ ಕತೆ ಕೇಳುವ ತ್ರಾಣ ಎಲ್ಲಿಂದ ಬರಬೇಕು? ಭಾವನ ವಿಚಾರವೂ ಸುಮಾರಿಗೆ ಹಾಗೆಯೇ. ಅವರ ಮನೆಯ ಸಮಾಚಾರವನ್ನು ಕೊನೆಯ ಸಲ ಕೇಳಿದ್ದು ಯಾವಾಗ? ಇಬ್ಬರು ಕುಳಿತು ಒಂದೇ ಸಂಕಟವನ್ನು ಮತ್ತೆ ಮತ್ತೆ ಜಗಿಯುವುದರ ಬಗ್ಗೆ ಅಮಾಂಡಾ ರೋಸ್ ಎಂಬ ಸಂಶೋಧಕಿ 2002ರಲ್ಲಿ ಶಾಲಾಮಕ್ಕಳ ಅಧ್ಯಯನ ಪ್ರಕಟಿಸಿದರು. ಹಾಗೆ ಮಾಡುವ ಮಕ್ಕಳಲ್ಲಿ ಗೆಳೆತನ ಗಾಢವಾಗಿತ್ತು, ಜತೆಗೆ ಖಿನ್ನತೆ ಮತ್ತು ಆತಂಕವೂ ಹೆಚ್ಚಿದ್ದವು. ಭಾವ ಓಡಿಹೋದದ್ದು ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ, ತಮ್ಮ ತಲೆ ಉಳಿಸಿಕೊಳ್ಳಲು ಇರಬಹುದು. ಅವರನ್ನು ಮಾತಿಗೆಂದು ಕರೆಯಬೇಡಿ, ಅಡಿಕೆ ಸುಲಿಯಲು ಕರೆಯಿರಿ. ಕೈಗೆ ಕೆಲಸವಿದ್ದರೆ ಮಾತಿಗೆ ತಾನಾಗಿ ಬಿಡುವು ಸಿಗುತ್ತದೆ, ನಡುನಡುವೆ ಅವರೂ ಏನಾದರೂ ಹೇಳಿಯಾರು.

ಈಗ ಪೆನ್ಸಿಲಿನಲ್ಲಿ ನಾನು ಗೀಟು ಹಾಕಿಟ್ಟ ಜಾಗ. ರಾತ್ರಿ ಎರಡು ಗಂಟೆಗೆ ಅಮ್ಮನ ಬಾಯಿ ಸೊಟ್ಟಗಾಯಿತು, ಬೆಳಕು ಹರಿದ ಮೇಲೆ ಹೊರಟಿರಿ. ರಸ್ತೆಯಲ್ಲಿ ಹೋದದ್ದು ಒಂದೂವರೆ ಗಂಟೆ. ಅದನ್ನು ಹನ್ನೊಂದು ಸಲ ಬರೆದಿದ್ದೀರಿ. ಮನೆಯಲ್ಲಿ ಹೋದ ಗಂಟೆಗಳನ್ನು ಒಂದೇ ಒಂದು ಸಲ, ಅದೂ ದಾಟಿಕೊಂಡು ಹೋಗುವವರ ಹಾಗೆ. ನಾನು ತನಿಖೆ ಮಾಡಲು ಕುಳಿತವನಲ್ಲ. ಆದರೆ ಆ ರಸ್ತೆಯನ್ನು ನೆನೆದಾಗಲೆಲ್ಲ ಮೈ ಉರಿಯುವುದಕ್ಕೆ ರಸ್ತೆಯೊಂದೇ ಕಾರಣವಲ್ಲ ಎಂದು ನನಗೆ ಅನ್ನಿಸುತ್ತದೆ. ‘ಆಗಲೇ ಹೊರಟಿದ್ದರೆ’ ಎಂಬ ಮಾತೊಂದು ನಿಮ್ಮೊಳಗಿದೆ. ಅದು ಬಾಯಿಗೆ ಬರುವ ಮೊದಲೇ ನೀವು ಹೆದ್ದಾರಿಗೆ ಬೈಯಲು ತೊಡಗುತ್ತೀರಿ. ಹೆದ್ದಾರಿಗೆ ಬೈಯುವುದು ಸುಲಭ, ಅದು ಬೈಸಿಕೊಳ್ಳುವ ಸ್ಥಿತಿಯಲ್ಲೂ ಇತ್ತು.

ಹೆಪ್ಪುಗಟ್ಟಿದ ರಕ್ತದಿಂದಾದ ಪಾರ್ಶ್ವವಾಯುವಿಗೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ಅದು ಎಲ್ಲರಿಗೂ ಕೊಡುವಂಥದ್ದಲ್ಲ. ರಕ್ತನಾಳ ಒಡೆದು ಆದ ಪಾರ್ಶ್ವವಾಯುವಿಗೆ ಕೊಡುವಂತೆಯೇ ಇಲ್ಲ, ಪಡೆದವರೆಲ್ಲ ಗುಣವಾಗುವುದೂ ಇಲ್ಲ. ನಿಮ್ಮ ಅಮ್ಮನದು ಯಾವ ಬಗೆಯದು, ಬೇಗ ಬಂದಿದ್ದರೆ ವ್ಯತ್ಯಾಸ ಆಗುತ್ತಿತ್ತೇ ಎಂಬುದು ಅವರ ಸ್ಕ್ಯಾನ್ ನೋಡಿದ ವೈದ್ಯರಿಗೆ ಮಾತ್ರ ಗೊತ್ತು. ಅವರನ್ನೇ ಕೇಳಿ. ಉತ್ತರ ಏನೇ ಬರಲಿ, ಮೂರು ತಿಂಗಳಿನಿಂದ ನೀವು ಒಳಗೊಳಗೇ ಕೊಟ್ಟುಕೊಳ್ಳುತ್ತಿರುವ ಉತ್ತರಕ್ಕಿಂತ ಅದು ಹೆಚ್ಚು ನಿಖರವಾಗಿರುತ್ತದೆ. ಒಳನಾಡಿನ ಮನೆಯಲ್ಲಿ ನಡುರಾತ್ರಿ ವಾಹನ ಹೊಂದಿಸುವುದೆಂದರೇನು ಎಂಬುದು ನನಗೆ ಗೊತ್ತು. ಆ ಹೊತ್ತಿನಲ್ಲಿ ‘ಬೆಳಗಾಗಲಿ’ ಎಂದುಕೊಂಡವರು ನೀವೊಬ್ಬರೇ ಅಲ್ಲ. ಮುಂದಕ್ಕೆ ಇಷ್ಟು ನೆನಪಿಡಿ: ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಬೆಳಕಿಗೆ ಕಾಯಬಾರದು, 108ಕ್ಕೆ ಫೋನು ಮಾಡಬೇಕು. ಹೆಸರು ಮರೆಯುವುದು ಹೊಸತಾಗಿ ಶುರುವಾಗಿದ್ದರೆ ಅದನ್ನೂ ಅದೇ ವೈದ್ಯರಿಗೆ ತಿಳಿಸಿ.

ನಿಮ್ಮ ಬಗ್ಗೆಯೂ ಒಂದೆರಡು ಪ್ರಶ್ನೆಗಳಿವೆ. ಎರಡು ವಾರದಿಂದ ಹೆಚ್ಚಿನ ದಿನಗಳಲ್ಲಿ ಯಾವುದರಲ್ಲೂ ಮನಸ್ಸಿಲ್ಲದಿರುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಊಟ ಸೇರದಿರುವುದು, ಕುಡಿತ ಹೆಚ್ಚುವುದು, ಇನ್ನು ಬದುಕಿ ಏನಾಗಬೇಕು ಎನ್ನಿಸುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ನೋಟುಪುಸ್ತಕ ಸಾಲದು, ವೈದ್ಯರನ್ನು ಕಾಣಬೇಕು. ಕೊನೆಯದು ಇದ್ದರೆ ಇವತ್ತೇ. 14416 ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ, ಹಗಲುರಾತ್ರಿ ಸಿಗುತ್ತದೆ, ದುಡ್ಡು ಬೇಡ. ಕೇರಳದಲ್ಲಿ ದಿಶಾ 1056 ಕೂಡ ಇದೆ.

ಅಮ್ಮ ಮಾವನ ಹೆಸರು ಹಿಡಿದು ಕರೆದಾಗ ತಿದ್ದಲು ಹೋಗಬೇಡಿ. ಮಾವ ಸತ್ತ ಸುದ್ದಿಯನ್ನು ಅವರಿಗೆ ದಿನಕ್ಕೊಂದು ಸಲ ಹೊಸದಾಗಿ ತಿಳಿಸುವ ಅಗತ್ಯವಿಲ್ಲ. ಹತ್ತಿರ ಕುಳಿತು ಮಾವನ ವಿಚಾರ ಕೇಳಿ: ಚಿಕ್ಕಂದಿನಲ್ಲಿ ಹೇಗಿದ್ದರು, ಇಬ್ಬರೂ ಸೇರಿ ಯಾವ ತೋಡಿನಲ್ಲಿ ಮೀನು ಹಿಡಿಯುತ್ತಿದ್ದರು, ಯಾರ ಮರದಿಂದ ಮಾವಿನಕಾಯಿ ಕದ್ದರು. ತೊದಲುತ್ತಾರೆ, ಒಂದು ಮಾತಿಗೆ ಒಂದು ನಿಮಿಷ ಹಿಡಿಯಬಹುದು. ನಡುವೆ ನೀವು ಮಾತು ತುಂಬಿಸಿಕೊಡಬೇಡಿ. ಅವರು ಹೇಳಿದ್ದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನಾದರೂ ಬಂದರೆ, ಭಾನುವಾರ ಮಗ ಫೋನು ಮಾಡಿದಾಗ ಅದನ್ನು ಹೇಳಿ. ಐದು ನಿಮಿಷ ಸಾಲದೆ ಹೋಗಬಹುದು.